ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಶುರುಮಾಡಿ: ಇಡಿಗಂಟು, ತಿಂಗಳ ಖರ್ಚು ಮತ್ತು ಮನೆಯೊಳಗಿನ ಮಾತು

“ಮುಂದಿನ ವರ್ಷ ರಿಟೈರ್ ಆಗ್ತಿದ್ದೀನಿ, ದುಡ್ಡು ಎಲ್ಲಿ ಹಾಕ್ಲಿ?” ಮೈಸೂರು, ಮಂಡ್ಯ ಕಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ. ಶಾಲೆ ಮೇಷ್ಟ್ರು, ರೈಲ್ವೆ ವರ್ಕ್‌ಶಾಪಿನವರು, ಸಾರಿಗೆ ಸಂಸ್ಥೆಯವರು, ಮೈಸೂರು ಹೆಬ್ಬಾಳದ ಕಾರ್ಖಾನೆಗಳವರು, ಬ್ಯಾಂಕಿನವರು ಎಲ್ಲರೂ ಕೇಳುತ್ತಾರೆ. ಅವರಿಗೆಲ್ಲ ಒಟ್ಟಿಗೆ ಉತ್ತರ ಇಲ್ಲಿದೆ.

ಈ ಪ್ರಶ್ನೆಯಲ್ಲಿ ಎರಡು ತೊಂದರೆ ಇದೆ. ಮೊದಲನೆಯದು, ಇದು ತಡವಾಗಿ ಬರುತ್ತದೆ. ಇಡಿಗಂಟು ಖಾತೆಗೆ ಬೀಳುವ ಹೊತ್ತಿಗೆ ಅದನ್ನು ಕೇಳುವವರು ಬಾಗಿಲಲ್ಲಿ ನಿಂತಿರುತ್ತಾರೆ: ಸೈಟಿನ ಬ್ರೋಕರು, ಪಾಲಿಸಿ ಮಾರುವವರು, ಮಗನ ಹೊಸ ವ್ಯಾಪಾರ, ತಂಗಿಯ ಮಗಳ ಮದುವೆ. ದುಡ್ಡು ಬರುವ ಮುಂಚೆಯೇ ಅದು ಎಲ್ಲೆಲ್ಲಿಗೆ ಹೋಗಬೇಕೆಂದು ಗೊತ್ತಾಗಿದ್ದರೆ ಇವರಿಗೆಲ್ಲ ಉತ್ತರ ಕೊಡುವುದು ಸುಲಭ. ಎರಡನೆಯದು, ಪ್ರಶ್ನೆ ಅರ್ಧ ಮಾತ್ರ. ಬೆಳಿಗ್ಗೆ ಹತ್ತೂವರೆಗೆ ನೀವು ಎಲ್ಲಿರುತ್ತೀರಿ ಎಂಬುದು ಉಳಿದರ್ಧ. ಅದನ್ನು ಯಾರೂ ಕೇಳುವುದಿಲ್ಲ, ಮನೆಯವರನ್ನು ಬಿಟ್ಟು.

ಬೇಕಾಗುವುದು ಇಷ್ಟು: ಒಂದು ನೋಟ್‌ಬುಕ್, ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಪಾಸ್‌ಬುಕ್, ಇರುವ ಎಲ್ಲ ಪಾಲಿಸಿಗಳ ಪತ್ರ, ಪಿಎಫ್ ಪಾಸ್‌ಬುಕ್ ಅಥವಾ ಸೇವಾ ಪುಸ್ತಕದ ನಕಲು, ಆಸ್ತಿ ಕಾಗದಗಳು. ಜೊತೆಗೆ ನಿಮ್ಮ ಗಂಡ ಅಥವಾ ಹೆಂಡತಿ, ಪಕ್ಕದಲ್ಲೇ ಕೂತು. ಒಬ್ಬರೇ ಕೂತು ಮಾಡಿದ ಲೆಕ್ಕ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಕಷ್ಟಕಾಲದಲ್ಲಿ ಅದು ಬಿಡಿಸಲಾಗದ ಒಗಟು.

1. ಮೊದಲು ಖರ್ಚು ಬರೆಯಿರಿ

ಹೆಚ್ಚಿನವರು ಬರುವ ದುಡ್ಡಿನಿಂದ ಲೆಕ್ಕ ಶುರುಮಾಡುತ್ತಾರೆ. ನೀವು ಹೋಗುವ ದುಡ್ಡಿನಿಂದ ಶುರುಮಾಡಿ. ಪಾಸ್‌ಬುಕ್ ಮುಂದಿಟ್ಟುಕೊಂಡು ತಿಂಗಳ ಖರ್ಚನ್ನು ಮೂರು ಕಲಂ ಮಾಡಿ ಬರೆಯಿರಿ: ನಿಲ್ಲಿಸಲಾಗದ್ದು (ದಿನಸಿ, ಹಾಲು, ಔಷಧಿ, ಕರೆಂಟು, ಗ್ಯಾಸ್, ಕೆಲಸದವರ ಸಂಬಳ), ವರ್ಷಕ್ಕೊಮ್ಮೆ ಬರುವುದು (ಮನೆ ಕಂದಾಯ, ಆರೋಗ್ಯ ವಿಮೆ, ಗಾಡಿ ವಿಮೆ, ಹಬ್ಬ, ಊರಿನ ಮಾರಿಹಬ್ಬ), ಕಡಿಮೆ ಮಾಡಬಹುದಾದದ್ದು. ವಾರ್ಷಿಕದ್ದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಸೇರಿಸಿ.

ನಮ್ಮ ಕಡೆ ಜನ ತಪ್ಪದೆ ಮರೆಯುವ ಬಾಬ್ತು ಒಂದಿದೆ: ಮುಯ್ಯಿ. ಮೂವತ್ತು ವರ್ಷ ಇನ್ನೊಬ್ಬರಿಂದ ಮದುವೆ, ಗೃಹಪ್ರವೇಶಕ್ಕೆ ಮುಯ್ಯಿ ಪಡೆದಿದ್ದೀರಿ, ಈಗ ತೀರಿಸುವ ಸರದಿ. ರಿಟೈರ್ ಆದವರಿಗೆ “ಬಿಡುವಿಲ್ಲ” ಎನ್ನುವ ನೆಪವೂ ಇರುವುದಿಲ್ಲ, ಆದ್ದರಿಂದ ಕರೆಯೋಲೆ ಜಾಸ್ತಿಯಾಗುತ್ತದೆ. ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ನೆಂಟರು ಹೆಚ್ಚಿರುವ ಕುಟುಂಬಕ್ಕೆ ಮಾಘ, ವೈಶಾಖದ ತಿಂಗಳಲ್ಲಿ ಇದೊಂದೇ ದಿನಸಿ ಖರ್ಚನ್ನು ಮೀರಿಸಬಲ್ಲದು. ಮನೆಯಲ್ಲಿರುವ ಹಳೆಯ ಮುಯ್ಯಿ ಪುಸ್ತಕ ತೆಗೆದು ನೋಡಿ, ಸರಾಸರಿ ಸಿಗುತ್ತದೆ.

ಆಮೇಲೆ ಬೆಲೆಯೇರಿಕೆ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ ಖರ್ಚು ಸುಮಾರು 12 ವರ್ಷಕ್ಕೆ ಇಮ್ಮಡಿ. ಈಗ 30,000 ರೂಪಾಯಿಯಲ್ಲಿ ನಡೆಯುವ ಮನೆಗೆ, ನಿಮಗೀಗ 60 ಆಗಿದ್ದರೆ, 72ನೇ ವಯಸ್ಸಿನಲ್ಲಿ 60,000 ಬೇಕು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಮುಂದಿನ ಎಷ್ಟೋ ತೀರ್ಮಾನ ಇದರ ಮೇಲೆ ನಿಂತಿದೆ.

2. ಕಾಗದಪತ್ರ: ಹೆಸರಿನ ಇನಿಶಿಯಲ್ಲೇ ಶತ್ರು

ಇದಕ್ಕೆ ಎರಡು ವರ್ಷ ಮುಂಚೆಯೇ ಕೈಹಾಕಿ. ಪಿಎಫ್‌ನಲ್ಲಿ “ಎಂ. ಶಿವಣ್ಣ”, ಆಧಾರ್‌ನಲ್ಲಿ “ಶಿವಣ್ಣ ಮರಿಗೌಡ”, ಪಾನ್‌ನಲ್ಲಿ “ಶಿವಣ್ಣ ಎಂ”, ಬ್ಯಾಂಕಿನಲ್ಲಿ “ಶಿವಣ್ಣೇಗೌಡ”. ನಾಲ್ಕೂ ಒಬ್ಬನೇ ಎಂದು ಕಂಪ್ಯೂಟರಿಗೆ ಗೊತ್ತಾಗದು. ಹೆಂಡತಿಯ ಹೆಸರಿನದೂ ಇದೇ ಕಥೆ: ಸೇವಾ ಪುಸ್ತಕದಲ್ಲಿ ಜಯಮ್ಮ, ಆಧಾರ್‌ನಲ್ಲಿ ಜಯಲಕ್ಷ್ಮಮ್ಮ. ನೀವಿರುವಾಗ ಇದು ಸಣ್ಣ ತಿದ್ದುಪಡಿ. ನೀವಿಲ್ಲದಾಗ ಕುಟುಂಬ ಪಿಂಚಣಿಗೆ ಅಲೆಯಬೇಕಾದವರು ಅವರು. ಹುಟ್ಟಿದ ದಿನಾಂಕವನ್ನೂ ಎಲ್ಲ ಕಡೆ ತಾಳೆ ನೋಡಿ.

ಖಾಸಗಿ ಕಾರ್ಖಾನೆ, ಕಂಪನಿಯವರು ಯುಎಎನ್ (ಪ್ರತಿ ಪಿಎಫ್ ಸದಸ್ಯನಿಗೂ ಇರುವ ಒಂದೇ ಶಾಶ್ವತ ಸಂಖ್ಯೆ) ಹಾಕಿ ಪೋರ್ಟಲ್ ತೆರೆದು ಮೂರು ಸಂಗತಿ ನೋಡಿ: ಹಳೆಯ ಕೆಲಸಗಳ ಪಿಎಫ್ ಇದಕ್ಕೆ ವರ್ಗವಾಗಿದೆಯೇ, ಪ್ರತಿ ಕೆಲಸಕ್ಕೂ ಸೇರಿದ ಮತ್ತು ಬಿಟ್ಟ ದಿನಾಂಕ ಇದೆಯೇ, ನಾಮನಿರ್ದೇಶನ ಯಾರ ಹೆಸರಿನಲ್ಲಿದೆ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ ಮರೆತವರು ಬಹಳ. ಮದುವೆಯಾದ ಕೂಡಲೇ ಆ ನಾಮನಿರ್ದೇಶನ ಅನೂರ್ಜಿತ, ಹೊಸದು ಮಾಡಲೇಬೇಕು. ಆನ್‌ಲೈನ್‌ನಲ್ಲಿ ಆಗದ ತಿದ್ದುಪಡಿಗೆ ಮೈಸೂರಿನ ಗಾಯತ್ರಿಪುರಂನಲ್ಲಿರುವ ಭವಿಷ್ಯನಿಧಿ ಕಚೇರಿಗೆ ಹೋಗಬೇಕು. ಹೋಗುವಾಗ ಮಾಲೀಕರ ಕಡೆಯ ದೃಢೀಕರಣ ಪತ್ರ ಕೈಯಲ್ಲಿರಲಿ, ಇಲ್ಲದಿದ್ದರೆ ಇನ್ನೊಮ್ಮೆ ಹೋಗುವುದು ಖಂಡಿತ.

ರಾಜ್ಯ ಸರ್ಕಾರಿ ನೌಕರರು ಸೇವಾ ಪುಸ್ತಕವನ್ನು ಪುಟಪುಟವಾಗಿ ನೋಡಿ. ವೇತನ ನಿಗದಿ, ಬಡ್ತಿ, ಅಮಾನತಿನ ಅವಧಿ, ವೇತನವಿಲ್ಲದ ರಜೆ ಇವುಗಳಲ್ಲಿ ಒಂದು ಸಹಿ ಇಲ್ಲದಿದ್ದರೂ ಪಿಂಚಣಿ ಪ್ರಸ್ತಾವ ಮಹಾಲೇಖಪಾಲರ ಕಚೇರಿಯಿಂದ ಹಿಂದಿರುಗಿ ಬರುತ್ತದೆ. ಹಳೆಯ ಕಚೇರಿಗಳಿಂದ ಬೇಬಾಕಿ ಪ್ರಮಾಣಪತ್ರಗಳನ್ನು, ಅಂದರೆ ನಿಮ್ಮಿಂದ ಬಾಕಿ ಏನೂ ಇಲ್ಲ ಎಂಬ ಪತ್ರಗಳನ್ನು ಈಗಲೇ ಸಂಗ್ರಹಿಸಿ. ಆ ಕಚೇರಿಯಲ್ಲಿ ನಿಮ್ಮನ್ನು ಬಲ್ಲ ಗುಮಾಸ್ತರು ಇರುವಷ್ಟು ದಿನ ಕೆಲಸ ಸಲೀಸು.

3. ಏನು ಬರುತ್ತದೆ ಎಂದು ಭ್ರಮೆಯಿಲ್ಲದೆ ನೋಡಿ

2006ರ ಏಪ್ರಿಲ್ 1ಕ್ಕೆ ಮುಂಚೆ ರಾಜ್ಯ ಸರ್ಕಾರದ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ. ನಿಮ್ಮ ಮುಂದಿರುವ ಮುಖ್ಯ ತೀರ್ಮಾನ ಪಿಂಚಣಿ ಪರಿವರ್ತನೆ, ಅಂದರೆ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಒಂದೇ ಸಲ ಇಡಿಗಂಟು ಪಡೆಯುವುದು. ರಾಜ್ಯದಲ್ಲಿ ಮೂರನೇ ಒಂದು ಭಾಗದವರೆಗೆ, ಕೇಂದ್ರದಲ್ಲಿ ಶೇ 40ರವರೆಗೆ ಮಾಡಬಹುದು, ಬಿಟ್ಟ ಭಾಗ 15 ವರ್ಷದ ನಂತರ ಮರಳಿ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಆ ಗಂಟಿಗೆ ಮನೆ ಸಾಲ ತೀರಿಸುವಂಥ ಖಚಿತ ಕೆಲಸ ಇದ್ದರೆ ಮಾತ್ರ ಪೂರ್ತಿ ಪರಿವರ್ತಿಸಿ. “ಎಲ್ಲರೂ ಮಾಡುತ್ತಾರೆ” ಎಂಬುದು ಕಾರಣವಲ್ಲ.

ಆ ದಿನಾಂಕದ ನಂತರ ಸೇರಿದವರಿಗೆ ಎನ್‌ಪಿಎಸ್, ಅಂದರೆ ನೌಕರರೂ ಸರ್ಕಾರವೂ ತಿಂಗಳು ತಿಂಗಳು ಹಾಕಿದ ಹಣದ ಗಂಟಿನಿಂದ ಬರುವ ಪಿಂಚಣಿ. ಸರ್ಕಾರಿ ನೌಕರರು 60ಕ್ಕೆ ನಿವೃತ್ತರಾದಾಗ ಗಂಟಿನ ಶೇ 60ರವರೆಗೆ ಕೈಗೆ ಪಡೆಯಬಹುದು. ಉಳಿದ ಕನಿಷ್ಠ ಶೇ 40ರಲ್ಲಿ ಆನ್ಯುಟಿ ಕೊಳ್ಳಬೇಕು. ಆನ್ಯುಟಿ ಎಂದರೆ ವಿಮಾ ಕಂಪನಿಗೆ ಒಂದು ಮೊತ್ತ ಕೊಟ್ಟು ಸಾಯುವವರೆಗೂ ತಿಂಗಳ ದುಡ್ಡು ಪಡೆಯುವ ಒಪ್ಪಂದ. ಇಲ್ಲೊಂದು ಗುಂಡಿ ಇದೆ. ಫಾರ್ಮಿನಲ್ಲಿ ಅತಿ ಹೆಚ್ಚು ಮೊತ್ತ ತೋರಿಸುವ ಆಯ್ಕೆ ಸಾಮಾನ್ಯವಾಗಿ ನಿಮ್ಮ ಜೀವ ಇರುವವರೆಗೆ ಮಾತ್ರದ್ದು. ನೀವು ಹೋದ ಮರುತಿಂಗಳು ಹೆಂಡತಿಗೆ ಏನೂ ಇಲ್ಲ. ತಿಂಗಳಿಗೆ ಸ್ವಲ್ಪ ಕಡಿಮೆಯಾದರೂ ಸಂಗಾತಿಗೆ ಮುಂದುವರಿಯುವ, ಇಬ್ಬರ ನಂತರ ಅಸಲು ಮಕ್ಕಳಿಗೆ ಸೇರುವ ಆಯ್ಕೆಯನ್ನು ಹುಡುಕಿ.

ಖಾಸಗಿಯವರಿಗೆ ಪಿಎಫ್ ಜೊತೆಗೇ ಬರುವ ಇಪಿಎಸ್ ಪಿಂಚಣಿಯ ಬಗ್ಗೆ ಆಸೆ ಹೆಚ್ಚು, ಅಂಕಿ ಕಡಿಮೆ. ಪಿಂಚಣಿಗೆ ಹಿಡಿಯುವ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಸೂತ್ರ, ಆ ವೇತನದ ಮಿತಿ 15,000. 20 ವರ್ಷ ಮೀರಿದವರಿಗೆ ಎರಡು ವರ್ಷ ಬೋನಸ್. 30 ವರ್ಷ ದುಡಿದವರಿಗೆ ಪೂರ್ತಿ 15,000 ಹಿಡಿದರೂ 6,857 ರೂಪಾಯಿ. 2014ರ ಸೆಪ್ಟೆಂಬರ್‌ಗೆ ಮುಂಚಿನ ಸೇವೆಗೆ ಮಿತಿ 6,500 ಇದ್ದದ್ದರಿಂದ ನಿಜವಾಗಿ ಕೈಗೆ ಬರುವುದು ಇನ್ನೂ ಕಡಿಮೆ. ಈ ಪಿಂಚಣಿ 58ಕ್ಕೇ ಶುರುವಾಗುತ್ತದೆ. 60ರವರೆಗೆ ಕೆಲಸದಲ್ಲಿದ್ದರೂ 58ಕ್ಕೆ 10ಡಿ ಫಾರ್ಮ್ ಹಾಕಿ ಪಡೆಯಬಹುದು. 50ರ ನಂತರ ಅವಸರಪಟ್ಟು ತೆಗೆದುಕೊಂಡರೆ ಮಾತ್ರ ಉಳಿದ ಪ್ರತಿ ವರ್ಷಕ್ಕೆ ಶೇ 4 ಕಡಿತ, ಅದೂ ಜೀವನಪೂರ್ತಿ.

ಖಾಸಗಿಯವರ ಗ್ರ್ಯಾಚುಟಿಯ ಲೆಕ್ಕ ಸರಳ: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವಾ ವರ್ಷಗಳಿಂದ ಗುಣಿಸಿ. 40,000 ವೇತನ, 30 ವರ್ಷ ಎಂದರೆ ಸುಮಾರು 6.92 ಲಕ್ಷ.

ವ್ಯವಸಾಯದವರಿಗೆ, ಸ್ವಂತ ಅಂಗಡಿಯವರಿಗೆ ನಿವೃತ್ತಿಯ ತಾರೀಖೇ ಇಲ್ಲ. ಅದೇ ಅಪಾಯ. ನಿಮ್ಮ ತಾರೀಖನ್ನು ನೀವೇ ಇಟ್ಟುಕೊಳ್ಳಿ. ನಾಲೆ ನೀರಿನ ಎರಡು ಎಕರೆ ಕಬ್ಬಿನ ಗದ್ದೆಯನ್ನು 65ರ ನಂತರ ಯಾರು ನೋಡಿಕೊಳ್ಳುತ್ತಾರೆ, ಬೆಳೆಯ ಪಾಲಿಗೋ ಗುತ್ತಿಗೆಗೋ ಕೊಟ್ಟರೆ ವರ್ಷಕ್ಕೆ ಎಷ್ಟು ಎಂದು ಈಗಲೇ ಬರೆಯಿರಿ.

4. ಇಡಿಗಂಟನ್ನು ತಿಂಗಳ ದುಡ್ಡಾಗಿ ಮಾಡುವುದು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಒಂದು ಉದಾಹರಣೆ ಲೆಕ್ಕ: ಮೈಸೂರಿನ ಕಾರ್ಖಾನೆಯೊಂದರಿಂದ 58ಕ್ಕೆ ನಿವೃತ್ತರಾಗುವವರು. ಸ್ವಂತ ಮನೆ ಇದೆ, ಸಾಲ ಇಲ್ಲ. ಪಿಎಫ್, ಗ್ರ್ಯಾಚುಟಿ, ರಜೆ ಹಣ, ಹಳೆಯ ಉಳಿತಾಯ ಎಲ್ಲ ಸೇರಿ 45 ಲಕ್ಷ. ಇಪಿಎಸ್ ಪಿಂಚಣಿ ತಿಂಗಳಿಗೆ 4,500. ಖರ್ಚು 27,000.

ಮೊದಲು 4 ಲಕ್ಷ ಬ್ಯಾಂಕಿನಲ್ಲಿ, ಬೇಕೆಂದಾಗ ಸಿಗುವಂತೆ ಠೇವಣಿ. ಇದು ಆಸ್ಪತ್ರೆ, ಬೋರ್‌ವೆಲ್ ಮೋಟರು, ಸಾವುನೋವಿಗೆ. ಇದನ್ನು ಮುಟ್ಟಿದರೆ ಮತ್ತೆ ತುಂಬಿಸಬೇಕು.

ಆಮೇಲೆ 25 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ತೆರೆಯಬಹುದು. ಬಡ್ಡಿ ಶೇ 8.2 ಎಂದು ಹಿಡಿದರೆ ಮೂರು ತಿಂಗಳಿಗೊಮ್ಮೆ 51,250, ಅಂದರೆ ತಿಂಗಳಿಗೆ ಸುಮಾರು 17,080. ಹೊಸ ಖಾತೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಬದಲಿಸಬಹುದು, ಆದರೆ ನೀವು ತೆರೆದ ದಿನದ ದರ ಐದು ವರ್ಷ ಕದಲುವುದಿಲ್ಲ. ಒಬ್ಬರಿಗೆ ಮಿತಿ 30 ಲಕ್ಷ. ಸಾಮಾನ್ಯವಾಗಿ 60 ತುಂಬಿರಬೇಕು. 55ರಿಂದ 60ರೊಳಗೆ ನಿವೃತ್ತರಾದವರೂ ತೆರೆಯಬಹುದು, ಆದರೆ ನಿವೃತ್ತಿ ಹಣ ಕೈಸೇರಿದ ಮೂರು ತಿಂಗಳೊಳಗೆ. ಈ ಗಡುವು ತಪ್ಪಿಸಿಕೊಂಡು 60ರವರೆಗೆ ಕಾಯಬೇಕಾದವರು ಕಡಿಮೆಯಿಲ್ಲ. ಕಂಪನಿಯಿಂದ ನಿವೃತ್ತಿ ಪತ್ರ, ಬಂದ ಹಣದ ವಿವರ ಬರೆಸಿಕೊಂಡು ಬನ್ನಿ. ಮಧ್ಯದಲ್ಲಿ ಮುರಿದರೆ ದಂಡ ಇದೆ: ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಎರಡು ವರ್ಷದೊಳಗೆ ಅಸಲಿನ ಶೇ 1.5, ಆಮೇಲೆ ಶೇ 1. ಹಾಗಾಗಿ 25 ಲಕ್ಷವನ್ನು ಒಂದೇ ಖಾತೆಗೆ ಹಾಕುವ ಬದಲು ಎರಡು ಮೂರು ಖಾತೆ ಮಾಡಿ. ಅವಸರಕ್ಕೆ ಒಂದನ್ನು ಮುರಿದರೆ ಉಳಿದವು ಸುರಕ್ಷಿತ.

ಮುಂದೆ 9 ಲಕ್ಷ ಅಂಚೆಯ ಮಾಸಿಕ ಆದಾಯ ಯೋಜನೆಗೆ. ಶೇ 7.4ರಂತೆ ತಿಂಗಳಿಗೆ 5,550. ಇಬ್ಬರ ಹೆಸರಿನಲ್ಲಾದರೆ 15 ಲಕ್ಷದವರೆಗೆ ಹಾಕಬಹುದು.

ಈಗ ಕೂಡಿ: 17,080, 5,550, 4,500. ಒಟ್ಟು ತಿಂಗಳಿಗೆ 27,000 ದಾಟಿತು. ಮನೆ ನಡೆಯಿತು. ಆದರೆ ಇದು ಇವತ್ತಿನ ಮಾತು. ಮೇಲಿನ ಮೂರೂ ಮೊತ್ತ ಏರುವುದಿಲ್ಲ, ಖರ್ಚು ಏರುತ್ತದೆ. ಅದಕ್ಕೇ ಉಳಿದ 7 ಲಕ್ಷ. ಇದನ್ನು ಏಳೆಂಟು ವರ್ಷ ಮುಟ್ಟದೆ ಬೆಳೆಯಲು ಬಿಡಬೇಕು. ಷೇರು ಮತ್ತು ಸಾಲಪತ್ರ ಎರಡೂ ಬೆರೆತ ಹೈಬ್ರಿಡ್ ಮ್ಯೂಚುವಲ್ ಫಂಡ್ ಒಂದು ದಾರಿ. ಷೇರಿನ ಹೆಸರು ಕೇಳಿದರೆ ನಿದ್ದೆ ಬಾರದು ಎನ್ನುವವರು ಪಿಪಿಎಫ್ (ಸಾರ್ವಜನಿಕ ಭವಿಷ್ಯನಿಧಿ) ಖಾತೆ ಇದ್ದರೆ ಅದನ್ನೇ ಐದೈದು ವರ್ಷ ಮುಂದುವರಿಸಿ. ಒಟ್ಟಿನಲ್ಲಿ ಎಲ್ಲವನ್ನೂ ಬಡ್ಡಿಗೆ ಹಾಕಿ, ಬಡ್ಡಿಯನ್ನೆಲ್ಲ ತಿಂದು ಮುಗಿಸಿದರೆ 70ರ ಹೊತ್ತಿಗೆ ಅಸಲಿಗೇ ಕೈಹಾಕುತ್ತೀರಿ.

ಪಿಎಫ್ ಹಣವನ್ನು ಹಾಗೇ ಬಿಟ್ಟಿರಬಹುದೇ ಎಂದು ಕೆಲವರು ಕೇಳುತ್ತಾರೆ. ಸ್ವಲ್ಪ ಕಾಲ ಬಿಡಬಹುದು. 55 ದಾಟಿ ನಿವೃತ್ತರಾದವರ ಖಾತೆಗೆ ಮೂರು ವರ್ಷದ ನಂತರ ಬಡ್ಡಿ ನಿಲ್ಲುತ್ತದೆ, ಕೆಲಸ ಬಿಟ್ಟ ಮೇಲೆ ಬಂದ ಬಡ್ಡಿಗೆ ತೆರಿಗೆಯೂ ಉಂಟು.

ತೆರಿಗೆಯ ಬಗ್ಗೆ ಹೆಚ್ಚು ಹೆದರಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿ, ಬಡ್ಡಿಯಂಥ ಆದಾಯ ವರ್ಷಕ್ಕೆ 12 ಲಕ್ಷದವರೆಗೆ ಇದ್ದರೆ ರಿಯಾಯಿತಿ ಸೇರಿ ತೆರಿಗೆ ಶೂನ್ಯ. ಆದರೂ ಹಿರಿಯ ನಾಗರಿಕರ ಬಡ್ಡಿ ವರ್ಷಕ್ಕೆ 1 ಲಕ್ಷ ಮೀರಿದರೆ ಬ್ಯಾಂಕು, ಅಂಚೆಯವರು ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. ತೆರಿಗೆ ಬರುವುದಿಲ್ಲ ಎಂದಾದರೆ ಏಪ್ರಿಲ್‌ನಲ್ಲೇ ಸ್ವಯಂ ಘೋಷಣೆಯ ಫಾರ್ಮ್ ಕೊಡಿ. ಜನ ಅದನ್ನು 15ಎಚ್ ಎಂದೇ ಕರೆಯುತ್ತಾರೆ.

5. ಬೇಡ ಎನ್ನಬೇಕಾದ ಕಡೆಗಳು

ಹಣ ಬಂದ ಮೊದಲ ಆರು ತಿಂಗಳು, ಮೇಲೆ ಬರೆದಿಟ್ಟ ಯೋಜನೆಯ ಹೊರಗೆ ಒಂದು ರೂಪಾಯಿಯನ್ನೂ ಹೊಸದಾಗಿ ಎಲ್ಲಿಯೂ ಹಾಕಬೇಡಿ. “ನಮ್ಮನೆಯವರು ಆರು ತಿಂಗಳು ಬೇಡ ಅಂದಿದ್ದಾರೆ” ಎಂಬ ಮಾತು ಎಲ್ಲರ ಬಾಯಿ ಮುಚ್ಚಿಸುತ್ತದೆ. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಹಾಕಿಕೊಳ್ಳಲಿ, ತಪ್ಪೇನಿಲ್ಲ.

ಠೇವಣಿ ಮಾಡಲು ಬ್ಯಾಂಕಿಗೆ ಹೋದವರ ಕೈಗೆ ವಿಮಾ ಪಾಲಿಸಿ ಕೊಟ್ಟು ಕಳಿಸುವುದು ಹೆಚ್ಚಾಗಿ ನಡೆಯುವ ಮೋಸ. “ವರ್ಷಕ್ಕೆ ಐದು ಲಕ್ಷದಂತೆ ಐದು ವರ್ಷ” ಎಂಬ ಮಾತು ಕೇಳಿದರೆ ಅದು ಠೇವಣಿಯಲ್ಲ. ಸಹಿ ಹಾಕಿಬಿಟ್ಟಿದ್ದರೂ ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಬರವಣಿಗೆಯಲ್ಲಿ ವಾಪಸ್ ಕೊಡುವ ಹಕ್ಕಿದೆ.

ಹೆಚ್ಚು ಬಡ್ಡಿಯ ಆಸೆಗೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಇಡಿಗಂಟನ್ನೇ ಇಡುವುದು ನಮ್ಮ ಊರುಗಳಲ್ಲಿ ಬಹಳ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಂಘಗಳಿಗೆ ಅದಿಲ್ಲ. ಎಲ್ಲ ಸಂಘವೂ ಕೆಟ್ಟದ್ದೆಂದಲ್ಲ. ಆದರೆ ಮುಳುಗಿದರೆ ಊಟಕ್ಕೆ ತೊಂದರೆಯಾಗುವಷ್ಟು ಹಣ ಅಲ್ಲಿರಬಾರದು.

ಇನ್ನು ತೋಟದ ಕನಸು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದ್ದರಿಂದ ಹತ್ತು ಗುಂಟೆ, ಇಪ್ಪತ್ತು ಗುಂಟೆಯ “ಫಾರ್ಮ್ ಪ್ಲಾಟ್” ಜಾಹೀರಾತು ಎಲ್ಲೆಲ್ಲೂ. ಕೊಳ್ಳುವುದು ಸುಲಭ, ಮಾರುವುದು ಕಷ್ಟ, ಅಲ್ಲಿ ಮನೆ ಕಟ್ಟಲು ಅನುಮತಿ ಇನ್ನೂ ಕಷ್ಟ. ಊರಲ್ಲಿ ಪಿತ್ರಾರ್ಜಿತ ಗದ್ದೆ ಇರುವವರು ಮಾಡಬೇಕೆನಿಸಿದರೆ ಮೊದಲ ವರ್ಷ ಬೋರ್‌ವೆಲ್, ಡ್ರಿಪ್, ಶೆಡ್ಡು ಏನೂ ಬೇಡ. ಒಂದು ಬೆಳೆ ತೆಗೆದು, ಆಳಿನ ಕೂಲಿ ಕೊಟ್ಟು ನೋಡಿ. ಆಮೇಲೆ ತೀರ್ಮಾನ.

ಜಾಮೀನು ಸಹಿ ಬೇಡ. ಪಿಂಚಣಿದಾರರ ಸಹಿಗೆ ಬ್ಯಾಂಕಿನಲ್ಲಿ ಬೆಲೆ ಇದೆ ಎಂದೇ ಕೇಳುತ್ತಾರೆ. ಸಾಲ ತೆಗೆದವನು ಕಟ್ಟದಿದ್ದರೆ ಪೂರ್ತಿ ಹೊಣೆ ನಿಮ್ಮದು.

ಪೊಲೀಸ್, ಸಿಬಿಐ ಹೆಸರಿನಲ್ಲಿ ವಿಡಿಯೊ ಕರೆ ಮಾಡಿ “ಡಿಜಿಟಲ್ ಅರೆಸ್ಟ್” ಎಂದು ಹೆದರಿಸಿದರೆ ಕರೆ ಕಡಿಯಿರಿ. ಅಂಥದ್ದೊಂದು ಕಾನೂನಿನಲ್ಲೇ ಇಲ್ಲ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯೊಳಗೆ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮಕ್ಕಳ ವಿಷಯ ಕಷ್ಟದ್ದು. ಮದುವೆಗೋ ಮನೆಗೋ ಕೊಡುವುದಿದ್ದರೆ ಎಷ್ಟು ಎಂಬುದನ್ನು ಇಬ್ಬರೂ ಕೂತು ಮೊದಲೇ ನಿರ್ಧರಿಸಿ, ಎಲ್ಲ ಮಕ್ಕಳ ಮುಂದೆ ಒಂದೇ ಸಲ ಹೇಳಿ. ಗುಟ್ಟಾಗಿ ಒಬ್ಬರಿಗೆ ಕೊಟ್ಟದ್ದು ಗುಟ್ಟಾಗಿ ಉಳಿಯುವುದಿಲ್ಲ.

6. ಆರೋಗ್ಯ ವಿಮೆ: ಕಂಪನಿಯದು ಕೊನೆಯ ದಿನಕ್ಕೆ ಮುಗಿಯುತ್ತದೆ

ಇದೊಂದಕ್ಕೆ ಎರಡು ವರ್ಷ ಸಾಲದು, ಸ್ವಂತ ಪಾಲಿಸಿಯನ್ನು ನಿವೃತ್ತಿಗೆ ಮೂರು ವರ್ಷ ಮುಂಚೆ ಮಾಡಿಸಿ. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ವಿಮಾ ಕಂಪನಿ ಗರಿಷ್ಠ ಮೂರು ವರ್ಷ ಕಾಯಿಸಬಹುದು. ಆ ಕಾಯುವಿಕೆ ಸಂಬಳ ಬರುವಾಗಲೇ ಮುಗಿದುಹೋಗಲಿ. ತಡವಾಗಿದ್ದರೆ, ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದೇ ಎಂದು ನಿವೃತ್ತಿಗೆ ಮುಂಚೆಯೇ ಕೇಳಿ. ಕಾಯಿಲೆ ಮುಚ್ಚಿಟ್ಟು ಫಾರ್ಮ್ ತುಂಬಿಸುವ ಏಜೆಂಟರಿಂದ ದೂರವಿರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ.

ಪತ್ರದಲ್ಲಿ ಎರಡು ಸಾಲು ಹುಡುಕಿ. “ಕೋ-ಪೇ” ಎಂದರೆ ಪ್ರತಿ ಬಿಲ್ಲಿನ ಇಷ್ಟು ಪಾಲು ನಿಮ್ಮದು. “ರೂಮ್ ಬಾಡಿಗೆ ಮಿತಿ” ಮೀರಿದರೆ ರೂಮಿನದಷ್ಟೇ ಅಲ್ಲ, ಉಳಿದ ಬಿಲ್ಲಿನಲ್ಲೂ ಕಡಿತವಾಗುತ್ತದೆ. ನಗದುರಹಿತ ಆಸ್ಪತ್ರೆಗಳ ಪಟ್ಟಿಯಲ್ಲಿ ನಿಮಗೆ ಹತ್ತಿರದ್ದು ಇದೆಯೇ ನೋಡಿ. ಬೆಂಗಳೂರಿನ ಹತ್ತು ಹೆಸರಿದ್ದು ಮಂಡ್ಯದ್ದು ಒಂದೂ ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಅದರಿಂದ ಉಪಯೋಗವಿಲ್ಲ.

ಕಿವಿಯ ಮಾತು ಸೇರಿಸಲೇಬೇಕು. ಯಂತ್ರಗಳ ಸದ್ದಿನಲ್ಲಿ ದುಡಿದವರಿಗೆ ಕಿವಿ ಮೆಲ್ಲಗೆ ಮಂದವಾಗುತ್ತದೆ. ಟಿವಿ ಜೋರಾಗುತ್ತದೆ, ಮದುವೆ ಮನೆಯಲ್ಲಿ ಮಾತು ತಿಳಿಯದೆ ಸುಮ್ಮನೆ ನಗುತ್ತೀರಿ, ಕ್ರಮೇಣ ಹೋಗುವುದನ್ನೇ ಬಿಡುತ್ತೀರಿ. ಇದನ್ನು ಮನೆಯವರು “ರಿಟೈರ್ ಆದ ಮೇಲೆ ಮಂಕಾಗಿದ್ದಾರೆ” ಎಂದುಕೊಳ್ಳುತ್ತಾರೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ದೇಶದ ಬೇರೆ ಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ನೀವು ಸಿಟಿ ಬಸ್ಸಿನಲ್ಲಿ ಹೋಗಿ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ.

7. ಬೆಳಿಗ್ಗೆ ಹತ್ತೂವರೆಯ ಪ್ರಶ್ನೆ

ಬೀಳ್ಕೊಡುಗೆಯ ದಿನ ಪೇಟ, ಶಾಲು, ಗಂಧದ ಹಾರ. ಮೊದಲ ತಿಂಗಳು ಧರ್ಮಸ್ಥಳ, ತಿರುಪತಿ, ನೆಂಟರ ಮನೆ. ಕಷ್ಟ ಶುರುವಾಗುವುದು ಮೂರನೇ ತಿಂಗಳಿಗೆ. ಫೋನ್ ಬಾರಿಸುವುದು ನಿಲ್ಲುತ್ತದೆ. ಹಳೆ ಆಫೀಸಿಗೆ ಹೋದರೆ ಕುರ್ಚಿ ಎಳೆದು ಕೂರಿಸುತ್ತಾರೆ, ಕಾಫಿ ತರಿಸುತ್ತಾರೆ, ಆಮೇಲೆ ಗಡಿಯಾರ ನೋಡುತ್ತಾರೆ. ಮೂವತ್ತೈದು ವರ್ಷ “ಮೇಷ್ಟ್ರೇ”, “ಸೂಪರ್‌ವೈಸರ್ ಸಾಹೇಬ್ರೇ” ಎನಿಸಿಕೊಂಡವರಿಗೆ ತಾವು ಯಾರೆಂದೇ ತೋಚದಂತಾಗುತ್ತದೆ. ಇದು ಸಹಜ, ಬರುತ್ತದೆಂದು ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ. ಉಳಿದರ್ಧಕ್ಕೆ ಕೆಲಸ ಬೇಕು.

ಮೊದಲು ಮನೆಯೊಳಗೆ. ನೀವು ಆಫೀಸಿಗೆ ಹೋಗುತ್ತಿದ್ದಷ್ಟು ವರ್ಷ ಹಗಲಿನ ಮನೆ ನಿಮ್ಮ ಹೆಂಡತಿಯದಾಗಿತ್ತು. ಅವರ ಅಡುಗೆ, ಪೂಜೆ, ಧಾರಾವಾಹಿ, ಅಕ್ಕಪಕ್ಕದ ಗೆಳತಿಯರು. ಈಗ ಅಲ್ಲಿ ನೀವು ಬಂದು ಕೂತು “ಕುಕ್ಕರ್ ಎಷ್ಟು ಕೂಗು?” ಎಂದು ವಿಚಾರಿಸತೊಡಗಿದರೆ ಜಗಳವಾಗದೆ ಇನ್ನೇನು? ನಿವೃತ್ತಿಗೆ ಮುಂಚೆಯೇ ಮಾತಾಡಿಕೊಳ್ಳಿ: ಹನ್ನೊಂದರ ಕಾಫಿ ಯಾರು ಮಾಡುವುದು, ತರಕಾರಿ ಯಾರು ತರುವುದು, ಹಗಲಲ್ಲಿ ಯಾವ ಕೋಣೆ ಯಾರದು. ಮನೆಯ ಒಂದು ಪೂರ್ತಿ ಕೆಲಸವನ್ನು ನೀವು ವಹಿಸಿಕೊಳ್ಳಿ, ಸಹಾಯ ಮಾಡುವುದಲ್ಲ. ದೇವರಾಜ ಮಾರುಕಟ್ಟೆಗೆ ಹೋಗಿ ವಾರದ ತರಕಾರಿ ತಂದು ಸೋಸಿ ಇಡುವುದು ಒಂದು ಪೂರ್ತಿ ಕೆಲಸ. ಚೀಲ ತಂದು ಅಡುಗೆಮನೆ ಕಟ್ಟೆಯ ಮೇಲೆ ಕುಕ್ಕುವುದು ಅಲ್ಲ. ಕೆಲಸದಲ್ಲಿದ್ದ ಹೆಂಗಸರಿಗೆ ಬೇರೆಯೇ ತೊಂದರೆ: ಶಾಲೆಯಿಂದ ನಿವೃತ್ತಿ ಸಿಗುತ್ತದೆ, ಒಲೆಯಿಂದ ಸಿಗುವುದಿಲ್ಲ. “ಈಗ ಮನೇಲೇ ಇದ್ದೀಯಲ್ಲ” ಎಂದು ಅಡುಗೆಯವಳನ್ನು ಬಿಡಿಸುವವರಿದ್ದಾರೆ. ಬಿಡಿಸಬೇಡಿ.

ಎರಡನೆಯದು, ಮೊಮ್ಮಕ್ಕಳ ಡ್ಯೂಟಿ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ಆರಾರು ತಿಂಗಳು ಬಂದಿರಿ ಎನ್ನುತ್ತಾರೆ. ಪ್ರೀತಿಯ ಕೆಲಸವೇ, ಆದರೆ ಎಷ್ಟು ದಿನ, ಒಬ್ಬರೇ ಹೋಗುವುದೋ ಇಬ್ಬರೋ, ಇಲ್ಲಿನ ಮನೆ ಯಾರು ನೋಡುವುದು ಎಂದು ಮೊದಲೇ ಹೇಳಿ. ಗಂಡ ಮೈಸೂರಲ್ಲಿ ಹೋಟೆಲ್ ಊಟ, ಹೆಂಡತಿ ಬೆಂಗಳೂರಲ್ಲಿ ಮಗು ಆಡಿಸುವುದು, ಹೀಗೆ ವರ್ಷಗಟ್ಟಲೆ ನಡೆಯುವ ಮನೆಗಳಿವೆ. ಇಬ್ಬರಿಗೂ ಅದು ಬೇಕಾಗಿರುವುದಿಲ್ಲ, ಮೊದಲು ಹೇಳುವವರು ಯಾರೆಂದು ಕಾಯುತ್ತಿರುತ್ತಾರೆ.

ಮೂರನೆಯದು, ಹೊರಗೆ. ಪಿಂಚಣಿದಾರರ ಸ್ವರ್ಗ ಎಂದು ಮೈಸೂರಿಗೆ ಹಳೆಯ ಹೆಸರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ಹೋದರೆ ಕಾರಣ ಗೊತ್ತಾಗುತ್ತದೆ. ವಾಕಿಂಗ್ ಒಳ್ಳೆಯದು, ಆದರೆ ಏಳೂವರೆಗೆ ಮುಗಿಯುತ್ತದೆ. ವಾರದಲ್ಲಿ ಮೂರು ದಿನವಾದರೂ, ಹಗಲಿನ ಹೊತ್ತು, ನಿಮಗಾಗಿ ಯಾರೋ ಕಾಯುವ ಒಂದು ಜಾಗ ಬೇಕು. ನೀವು ಹೋಗದಿದ್ದರೆ “ಯಾಕೆ ಬರಲಿಲ್ಲ?” ಎಂದು ಫೋನ್ ಮಾಡಬೇಕು, ಅಂಥದ್ದು. ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುವುದು, ಬಡಾವಣೆಯ ಸಂಘದ ಲೆಕ್ಕ, ಸಂಗೀತ ಸಭೆಯ ಕೆಲಸ, ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಟ್ಟುಹೋಗಿದ್ದ ಕನ್ನಡ ಎಂ.ಎ. ಏನಾದರೂ ಸರಿ. ನಿವೃತ್ತಿಗೆ ವರ್ಷ ಮುಂಚೆ ಭಾನುವಾರಗಳಲ್ಲಿ ಶುರುಮಾಡಿ. ರಿಟೈರ್ ಆದ ಮೇಲೆ ಹುಡುಕುತ್ತೇನೆ ಎಂದವರು ಟಿವಿ ಮುಂದೆ ಸಿಗುತ್ತಾರೆ.

ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾರನ್ನೂ ನೋಡಬೇಕೆನಿಸದಿದ್ದರೆ, ಸಂಜೆಯ ಕುಡಿತ ಮಧ್ಯಾಹ್ನಕ್ಕೆ ಜಾರಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಿರಿಯರ ಬೇರೆ ತೊಂದರೆಗಳಿಗೆ 14567 ಸಹಾಯವಾಣಿ ಇದೆ.

8. ಉಯಿಲು, ನಾಮಿನಿ, ಪೌತಿ ಖಾತೆ

ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವವರು, ಸಾಮಾನ್ಯವಾಗಿ ಮಾಲೀಕರಲ್ಲ. ಆದ್ದರಿಂದ ಉಯಿಲು ಬೇಕು. ಸಾದಾ ಕಾಗದದಲ್ಲಿ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದರೂ ಊರ್ಜಿತ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಆಸ್ತಿ ಪಡೆಯುವವರಿಂದಲೇ ಸಾಕ್ಷಿ ಹಾಕಿಸಬೇಡಿ.

ಬದುಕಿರುವಾಗಲೇ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡಿ ಎಂದು ಒತ್ತಾಯ ಬಂದರೆ, ಉಯಿಲು ಬರೆಯುತ್ತೇನೆ ಎನ್ನಿ. ಉಯಿಲನ್ನು ಬದಲಿಸಬಹುದು, ದಾನಪತ್ರವನ್ನು ನಿಮ್ಮಷ್ಟಕ್ಕೆ ನೀವು ಬದಲಿಸಲಾಗದು. ಕೊಡಲೇಬೇಕಾದರೆ ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ದಾನಪತ್ರವನ್ನು ಅನೂರ್ಜಿತಗೊಳಿಸಬಹುದು.

ಊರಿನ ಜಮೀನಿನ ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ನಿಮ್ಮ ತಲೆಮಾರಿನ ಕೆಲಸ. ವಂಶವೃಕ್ಷದ ಹೆಸರುಗಳು ಗೊತ್ತಿರುವ ಕೊನೆಯವರು ನೀವೇ ಇರಬಹುದು. ಮೈಸೂರಿನ ಸೈಟು, ಮನೆಗೆ ಇ-ಖಾತೆ, ಹಳ್ಳಿ ಮನೆಗೆ ಇ-ಸ್ವತ್ತು ಇಲ್ಲದಿದ್ದರೆ ಅದನ್ನೂ ಇದೇ ಓಡಾಟದಲ್ಲಿ ಮುಗಿಸಿ. ಬ್ಯಾಂಕ್ ಖಾತೆಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು.

9. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ

ಬದುಕಿದ್ದೇವೆ ಎಂಬುದಕ್ಕೆ ಈ ಪತ್ರವನ್ನು ಸರ್ಕಾರಿ ಪಿಂಚಣಿದಾರರು ನವೆಂಬರ್‌ನಲ್ಲಿ ಕೊಡಬೇಕು. ಇಪಿಎಸ್‌ನವರು ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ, ಕೊಟ್ಟ ಮೇಲೆ ಬಾಕಿಯೂ ಸೇರಿ ಬರುತ್ತದೆ. ಬ್ಯಾಂಕಿನ ಸಾಲಿನಲ್ಲಿ ನಿಲ್ಲಲಾಗದವರು ಅಂಚೆಯಣ್ಣನನ್ನು ಮನೆಗೇ ಕರೆಸಿಕೊಳ್ಳಬಹುದು, ಸಣ್ಣ ಶುಲ್ಕ ಇದೆ. ಗದ್ದೆ ಕೆಲಸ, ಮಗ್ಗ, ಲೇತ್ ಯಂತ್ರದಲ್ಲಿ ಬೆರಳಚ್ಚು ಸವೆದು ಯಂತ್ರ ಹಿಡಿಯದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನ ಇದೆ. ಕಿಟಕಿಯ ಬೆಳಕಿಗೆ ಮುಖಮಾಡಿ ಕೂತು, ಕನ್ನಡಕ ತೆಗೆದು ಪ್ರಯತ್ನಿಸಿ.